ಹೊಂಗೆಸೀಮೆಯ ಹನ್ನೆರಡನೇ ಕಟ್ಟಳೆ

ಪುಲಿಕೇಶಿನಗರ
14 ಜೂನ್ 1998, ಭಾನುವಾರ

ಪ್ರಿಯ ಕಾಂತ,

ಹೊಂಗೆಸೀಮೆಯ ಕಾನೂನಿನ ಮೂರನೇ ಅಧ್ಯಾಯ, ನಾಣ್ಯಗಳ ಪಟ್ಟಿ, ಎರಡೂ ಇದರ ಜೊತೆಗಿವೆ. ಒಟ್ಟು ಹದಿನಾಲ್ಕು ಹಾಳೆ. ತೂಕ ನೋಡಿ ಅಮ್ಮಿ ಬೈದಳು, ಅಂಚೆಚೀಟಿ ಅವಳ ದುಡ್ಡು.

ನಿನ್ನ ಹೊಸ ಆಟಗಾರರಿಗೆ ಮೊದಲು ಇಷ್ಟು ಹೇಳಿಬಿಡು. ಈ ಸೀಮೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಕಾಲೇಜಿನ ಕೊನೆಯ ವರ್ಷ ನೀನೂ ನಾನೂ ಅಲ್ಲಿನ ತಾರಸಿಯ ಮೇಲೆ ಕೂತು ಕಟ್ಟಿದ್ದು. ಆಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ವೇಷ: ಕಳ್ಳ, ವೈದ್ಯ, ಸುಂಕದವನು, ಯಾವುದಾದರೂ ಸರಿ. ಏನು ಮಾಡುತ್ತೇನೆಂದು ಬಾಯಲ್ಲಿ ಹೇಳಬೇಕು, ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಆಟ ನಡೆಸುವವನು ನೀನು. ಕಾನೂನು, ನಾಣ್ಯ ನನ್ನ ಪಾಲು.

ಈ ಸಲ ವ್ಯಾಜ್ಯದ ಕಟ್ಟಳೆಗಳನ್ನು ಬರೆದಿದ್ದೇನೆ. ಹೊಂಗೆಸೀಮೆಯಲ್ಲಿ ಯಾವ ಕೇಸೂ ಹೊಂಗೆ ಒಂದು ಸಲ ಹೂಬಿಟ್ಟು ಮತ್ತೆ ಹೂಬಿಡುವುದರೊಳಗೆ ಮುಗಿಯಬೇಕು. ಮುಗಿಸದ ನ್ಯಾಯಾಧೀಶ ತನ್ನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಊರು ಸುತ್ತಬೇಕು. ವಾಯಿದೆ ಕೇಳಿದವನು ಎದುರು ಪಕ್ಷದ ಮನೆಮಂದಿಗೆಲ್ಲ ಊಟ ಹಾಕಬೇಕು. ನಗಬೇಡ. ನಮ್ಮ ಕೇಸಿನಲ್ಲಿ ಇದುವರೆಗೆ ಐವತ್ತೊಂದು ವಾಯಿದೆ ಆಗಿದೆ. ಲೆಕ್ಕದ ಪ್ರಕಾರ ಚಾಚಾನಿಂದ ನನಗೆ ಕಡಿಮೆಯೆಂದರೂ ಮೂವತ್ತು ಬಿರಿಯಾನಿ ಬರಬೇಕು.

ಒಂದು ಭಾನುವಾರ ಕೃಷ್ಣರಾಜಪುರಕ್ಕೆ ಬರಲು ನಿನಗೇನು ರೋಗ ಎಂದು ಮತ್ತೆ ಕೇಳಿದ್ದೀಯ. ಎಷ್ಟು ಸಲ ಹೇಳಲಿ? ಇದು ಅಬ್ಬಾನ ಅಪ್ಪ, ನಮ್ಮ ದಾದಾ ಕಟ್ಟಿಸಿದ ಮನೆ. ಅಬ್ಬಾ ತೀರಿಕೊಂಡ ಮೇಲೆ ಮುಂದಿನ ಅರ್ಧದಲ್ಲಿ ಅಬ್ಬಾನ ತಮ್ಮ ಚಾಂದ್ ಪಾಷಾ ಚಾಚಾ, ಹಿಂದಿನ ಅರ್ಧದಲ್ಲಿ ಅಮ್ಮಿ ಮತ್ತು ನಾನು. ಪೂರ್ತಿ ಮನೆ ನನ್ನದು ಎಂದು ಅವರು, ನಮ್ಮದು ಎಂದು ನಾವು. ತೀರ್ಪು ಬರುವವರೆಗೆ ಇದ್ದದ್ದು ಇದ್ದ ಹಾಗೇ ಇರಲಿ ಎಂದು 92ರಲ್ಲಿ ಕೋರ್ಟು ಹೇಳಿತು. ನಮ್ಮ ವಕೀಲರು ಅದಕ್ಕೆ ಅರ್ಥ ಹೇಳಿದರು: "ಯಾರ್ ಕೂತಿರ್ತಾರೋ ಅವರ್ದೇ ಜಾಗ ಕಣಪ್ಪ. ಎದ್ದೋದ್ರೆ ಹೋಯ್ತು." 95ರಲ್ಲಿ ಕೊನೆಯ ಪರೀಕ್ಷೆ ಬರೆಯಲು ಮೂರು ಗಂಟೆ ಹೊರಗೆ ಹೋಗಿದ್ದೆ. ವಾಪಸ್ ಬಂದಾಗ ನಮ್ಮ ಅಡುಗೆಮನೆ ಪಕ್ಕದ ಕೋಣೆಗೆ ಚಾಚಾನ ಬೀಗ ಬಿದ್ದಿತ್ತು. ಅಮ್ಮಿ ಒಬ್ಬಳೇ ಬಾಗಿಲು ಬಡಿಯುತ್ತ ಕೂತಿದ್ದಳು. ಅವತ್ತಿನಿಂದ ನಾನು ಗೇಟು ದಾಟಿಲ್ಲ. ಸಂತೆಗೆ ಅವಳು ಹೋಗುತ್ತಾಳೆ. ಶಿವಾಜಿನಗರದ ಪ್ರೆಸ್ಸಿನಿಂದ ಮದುವೆ ಕಾರ್ಡಿನ ಬರವಣಿಗೆ ಕೆಲಸವನ್ನೂ ಅವಳೇ ತರುತ್ತಾಳೆ. ನಾನು ಮನೆ ಕಾಯುವ ಗಂಡಸು.

ನೀನು ಇಲ್ಲಿಗೆ ಬರುವ ಹಾಗೂ ಇಲ್ಲ. ಚಾಚಾ ಬೆಳಗಿನಿಂದ ಸಂಜೆಯವರೆಗೆ ಜಗಲಿಯಲ್ಲಿ ಕೂತು, ಬಂದವರ ಹೆಸರು ಬರೆದಿಡುತ್ತಾರೆ. ಹಿಂದೆ ನೀನು ಎರಡು ಸಲ ಬಂದದ್ದಕ್ಕೆ ನಾವು ಬಾಡಿಗೆಗೆ ಜನ ಇಟ್ಟಿದ್ದೇವೆಂದು ಅರ್ಜಿ ಹಾಕಿದ್ದರು. ಫೋನು ಅವರ ಕಡೆ, ಟಪಾಲಿನ ಡಬ್ಬಿಯೂ ಅವರ ಕಡೆ. ಬರೆಯುತ್ತಿರು.

ನಿನ್ನ,
ಮೊಹ್ಸಿನ್
(ಹೊಂಗೆಸೀಮೆಯ ಮುಖ್ಯ ನ್ಯಾಯಾಧೀಶ, ಗೇಟಿನ ಒಳಗೆ ಮಾತ್ರ)


ಕೃಷ್ಣರಾಜಪುರ
29 ಜೂನ್ 1998

ಮಗಾ ಮೊಹ್ಸಿನ್,

ನಿನ್ನ ನಾಣ್ಯ ಮುಳುಗಿತು! ಒಂದು ಚಿನ್ನದ ಹೊಂಗೆಗೆ ಹನ್ನೆರಡು ಬೆಳ್ಳಿ ಎಸಳು ಅಂತ ಬರೆದಿದ್ದೀಯ. ನಮ್ಮ ವರ್ಕ್‌ಶಾಪಿನ ಶಿವಪುತ್ರ ಇದ್ದಾನಲ್ಲ, ಸುಂಕದವನ ವೇಷದವನು, ಅವನು ಹನ್ನೆರಡು ಎಸಳನ್ನೂ ಕರಗಿಸಿ ಗಡಿಯಾಚೆ ಮಾರಿದ. ಒಂದೂವರೆ ಹೊಂಗೆ ಬಂತು. ಅದನ್ನು ತಂದು ಹದಿನೆಂಟು ಎಸಳು ಮಾಡಿಸಿ ಮತ್ತೆ ಕರಗಿಸಿದ. ಚಹಾ ಆರುವಷ್ಟರಲ್ಲಿ ಸೀಮೆಯ ಬೆಳ್ಳಿಯೆಲ್ಲ ಖಾಲಿ, ಸೈನಿಕರಿಗೆ ಸಂಬಳ ಇಲ್ಲ, ದಂಗೆ. "ಕಾನೂನಲ್ಲಿ ಕರಗಿಸ್ಬಾರ್ದು ಅಂತ ಎಲ್ಲಿದೆ ತೋರ್ಸು ಗುರು" ಅಂತಾನೆ. ತೋರಿಸಲು ಆಗಲಿಲ್ಲ. ನಿನ್ನ ಹಾಳೆಗಳನ್ನು ಪ್ರತಿ ಮಾಡಿಕೊಂಡು ವಾಪಸ್ ಕಳಿಸಿದ್ದೇನೆ, ಬೇಗ ಏನಾದರೂ ಮಾಡು.

ನಮ್ಮ ಗಲಾಟೆ ಕೇಳಿ ಅವ್ವ ಒಳಗಿಂದ ಬಂದಳು. ಜಟ್ಟೆಮ್ಮನ ಬಾಯಿ ನಿನಗೆ ಗೊತ್ತಲ್ಲ, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ಕಲಬುರ್ಗಿ ಬಿಟ್ಟಿಲ್ಲ. "ಇಲ್ಲದ ಊರಿಗಿ ಇಷ್ಟ್ಯಾಕ ಬಡದಾಡ್ತೀರೋ? ಇರೋ ಊರಾಗ ನೀರ್ ಬಂದಾವ, ಕೊಡ ತಗೊಂಡ್ ಹೋಗ್ರಿ" ಅಂದಳು. ಸೀಮೆಯ ದಂಡನಾಯಕರೆಲ್ಲ ಕೊಡ ಹಿಡಿದು ಕ್ಯೂ ನಿಂತೆವು.

ಈಗ ಮುಖ್ಯ ವಿಷಯ. ಹಲಸೂರಿನಲ್ಲಿ ಸಂಜೀವಪ್ಪ ಅಂತ ಒಬ್ಬರು ಪ್ರೆಸ್ ಇಟ್ಟಿದ್ದಾರೆ, ನಮ್ಮ ಕಂಪನಿಯ ಬಿಲ್‌ಪುಸ್ತಕ ಅಲ್ಲೇ ಆಗುವುದು. ನೀನು ಬರೆದ ನಾಣ್ಯದ ಚಿತ್ರಗಳು ನನ್ನ ಫೈಲಿನಿಂದ ಜಾರಿ ಅವರ ಮೇಜಿನ ಮೇಲೆ ಬಿದ್ದವು. ಕನ್ನಡಕ ಏರಿಸಿ ಹತ್ತು ನಿಮಿಷ ನೋಡಿದರು, ಆಟದ ಬಗ್ಗೆಯೂ ಕೇಳಿ ತಿಳಿದುಕೊಂಡರು. "ಈ ಅಕ್ಷರ ಯಾರ್ರೀ ಬರ್ದಿದ್ದು? ಕರ್ಕೊಂಡ್ ಬನ್ನಿ. ಡಿಸೈನ್‌ಗೆ ಕೂರೋರು ಸಿಗ್ತಾ ಇಲ್ಲ. ಈ ಆಟಾನೂ ಪೆಟ್ಟಿಗೆ ಮಾಡಿ ಮಾರೋಣ, ದಾಳ, ಪುಸ್ತಕ, ನಾಣ್ಯ ಎಲ್ಲಾ ಹಾಕಿ. ಆದ್ರೆ ಮುಖ ನೋಡ್ದೆ ನಾನ್ ಯಾರ್ನೂ ಇಟ್ಕೊಳ್ಳಲ್ಲ" ಅಂದರು.

ತಿಂಗಳ ಸಂಬಳ ಮಗಾ. ನಿನ್ನ ಮನೆಯಿಂದ ಅರ್ಧ ಗಂಟೆ ನಡಿಗೆ. ಒಂದು ಸಲ ಬಂದು ಮುಖ ತೋರಿಸು.

ನಿನ್ನ,
ಲಕ್ಷ್ಮಿಕಾಂತ


ಪುಲಿಕೇಶಿನಗರ
15 ಜುಲೈ 1998

ಪ್ರಿಯ ಕಾಂತ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ! ಸಂಜೀವಪ್ಪನವರಿಗೆ ಹೇಳು, ಸೆಪ್ಟೆಂಬರ್‌ವರೆಗೆ ಕಾಯಲಿ. ನಾನು ಸುಮ್ಮನೆ ಹೇಳುತ್ತಿಲ್ಲ. ರಾಜಿಯ ಮಾತು ನಡೆದಿದೆ. ನಡುವೆ ಗೋಡೆ ಎಬ್ಬಿಸಿ ಮುಂದಿನದು ಅವರಿಗೆ, ಹಿಂದಿನದು ನಮಗೆ ಎಂದು ಎರಡೂ ಕಡೆಯ ವಕೀಲರು ಒಪ್ಪಿದ್ದಾರೆ. ಸೆಪ್ಟೆಂಬರ್ ಒಂಬತ್ತಕ್ಕೆ ಸಹಿ. ಆಮೇಲೆ ನಾನು ಎಲ್ಲಿಗೆ ಬೇಕಾದರೂ ಹೋಗಬಹುದು. ಬಸ್ಸಿನಲ್ಲಿ ಕೂರಬಹುದು ಕಾಂತ. ಸುಮ್ಮನೆ ಕೊನೆಯ ಸ್ಟಾಪಿನವರೆಗೆ ಹೋಗಿ ಬರುತ್ತೇನೆ.

ಶಿವಪುತ್ರನಿಗೆ ಮದ್ದು ಸಿಕ್ಕಿತು. ಇನ್ನು ಮೇಲೆ ಸೀಮೆಯ ನಾಣ್ಯ ಸುಟ್ಟ ಮಣ್ಣಿನದು, ಮೇಲೆ ಅರಮನೆಯ ಮುದ್ರೆ. ಕರಗಿಸಿದರೆ ಏನೂ ಸಿಗಬಾರದು. ಕೊಡುವವನು, ತೆಗೆದುಕೊಳ್ಳುವವನು ಇಬ್ಬರೂ ನಂಬಿದರೆ ಅದು ನಾಣ್ಯ, ಇಲ್ಲದಿದ್ದರೆ ಹೆಂಚಿನ ಚೂರು. ಹಳೆಯ ಚಿನ್ನದ ಹೊಂಗೆಗಳನ್ನೆಲ್ಲ ರಾಣಿ ವಾಪಸ್ ಪಡೆದು ಏಳು ಕೊಪ್ಪರಿಗೆಗಳಲ್ಲಿ ತುಂಬಿಸಿ ಒಂದು ಪಾಳುಬಾವಿಯಲ್ಲಿ ಇಳಿಸಿದ್ದಾಳೆ. ಅದನ್ನು ಕದಿಯುವುದೇ ನಿನ್ನ ಆಟಗಾರರಿಗೆ ಮುಂದಿನ ಕೆಲಸ. ಬಾವಿ ಇರುವ ಮನೆಯ ನಕ್ಷೆ ಬೇಕಲ್ಲ, ಬರೆದಿದ್ದೇನೆ. ಬೇರೆ ಮನೆ ನನಗೆ ಯಾವುದು ಗೊತ್ತು? ನಮ್ಮ ಮನೆಯದನ್ನೇ ಬರೆದೆ, ಹಿತ್ತಲು, ಬಾವಿ ಸಮೇತ. ಜಗಲಿಯಲ್ಲಿ ಕಾವಲಿಗೆ ಒಬ್ಬ ಮುದುಕನನ್ನೂ ಕೂರಿಸಿದ್ದೇನೆ. ಯಾರೆಂದು ನಿನಗೆ ಹೇಳಬೇಕಾಗಿಲ್ಲ.

ನಿನ್ನ,
ಮೊಹ್ಸಿನ್


ಕೃಷ್ಣರಾಜಪುರ
24 ಆಗಸ್ಟ್ 1998

ಮಗಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಶಿಫ್ಟಿಗೆ ಹೊತ್ತಾಯಿತು. ನಿನ್ನ ನಕ್ಷೆಯನ್ನು ನೀಟಾಗಿ ಪ್ರತಿ ಮಾಡಿ, ಏಳು ಕೊಪ್ಪರಿಗೆ ಇರುವ ಜಾಗಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಇದರ ಜೊತೆ ಕಳಿಸಿದ್ದೇನೆ. ಸರಿಯಾಗಿದೆಯಾ ನೋಡು. ಜಗಲಿಯ ಮುದುಕನಿಗೆ ಗೊತ್ತಾಗದ ಹಾಗೆ ಬಾವಿಗೆ ಇಳಿಯುವುದೇ ಕಷ್ಟ. ಹಗ್ಗ ರೆಡಿ. ಬರುವ ಭಾನುವಾರ ಎತ್ತುತ್ತೇವೆ!

ನಿನ್ನ,
ಕಾಂತ


ಪುಲಿಕೇಶಿನಗರ
20 ಸೆಪ್ಟೆಂಬರ್ 1998

ಕಾಂತ,

ನಿನ್ನ ಆ ಕಾಗದ ನನಗೆ ಬಂದದ್ದು ಐದು ದಿನ ತಡವಾಗಿ. ಅಂಟಿಸಿದ ಜಾಗದಲ್ಲಿ ಅನ್ನದ ಅಗುಳು ಮೆತ್ತಿತ್ತು. ಚಾಚಾ ಬಿಚ್ಚಿ ಓದಿದ್ದಾರೆ. ಓದಿ ಕಾಗದ, ನಕ್ಷೆ ಎರಡರ ಜೆರಾಕ್ಸನ್ನೂ ತೆಗೆಸಿದ್ದಾರೆ.

ಒಂಬತ್ತನೇ ತಾರೀಖು ರಾಜಿಗೆ ಸಹಿ ಹಾಕಬೇಕಿತ್ತಲ್ಲ. ಅವರ ವಕೀಲರು ಎದ್ದು ನಿಂತು, ದಾದಾ ಬಚ್ಚಿಟ್ಟ ಏಳು ಕೊಪ್ಪರಿಗೆ ಚಿನ್ನದ ನಾಣ್ಯ ಹಿತ್ತಲ ಬಾವಿಯಲ್ಲಿದೆ, ಅಣ್ಣನ ಮಗ ಅದನ್ನು ಹೊರಗಿನವರ ಕೈಲಿ ಸಾಗಿಸುತ್ತಿದ್ದಾನೆ, ಸಾಕ್ಷಿ ಇಗೋ ಎಂದು ಆ ಜೆರಾಕ್ಸ್ ಕೊಟ್ಟರಂತೆ. ರಾಜಿ ಅಲ್ಲಿಗೇ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೋದ ಮಂಗಳವಾರ ಕೋರ್ಟಿನ ಕಮಿಷನರ್ ಬಂದರು. ಇಬ್ಬರು ಆಳುಗಳು, ಹಗ್ಗ, ಟಾರ್ಚು. ಗಲ್ಲಿಯ ಜನವೆಲ್ಲ ಕಾಂಪೌಂಡಿನ ಮೇಲೆ. ಮಧ್ಯಾಹ್ನದವರೆಗೆ ಹೂಳೆತ್ತಿದರು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನಲೂ ಆಗದು, ಇಲಿ ಕೂಡ ಇರಲಿಲ್ಲ. ಒಂದು ತುಕ್ಕು ಹಿಡಿದ ಬಕೆಟ್ಟು, ನಾನು ಎಂಟನೇ ಕ್ಲಾಸಿನಲ್ಲಿ ಕಳೆದುಕೊಂಡ ಚೆಂಡು, ಕಪ್ಪೆಗಳು. ಚಾಚಾ ಕೂಗಾಡುತ್ತಿದ್ದರು: "ಭಾನುವಾರಾನೇ ಎತ್ಬಿಟ್ಟಿದ್ದಾರೆ! ಬರ್ದಿದ್ದಾರೆ ನೋಡಿ ಸಾರ್, ಎತ್ತುತ್ತೇವೆ ಅಂತ!" ಇದು ಆಟ, ಈ ಊರೇ ಇಲ್ಲ ಎಂದು ನಾನು ಕಮಿಷನರಿಗೆ ಹೇಳಿದೆ. ಅವರು ನನ್ನ ಮುಖ ನೋಡಿ, ವಯಸ್ಸು ಕೇಳಿದರು. ಇಪ್ಪತ್ತೈದು ಎಂದೆ. ಬರೆದುಕೊಂಡರು.

ಮುಂದಿನ ತಾರೀಖು ಫೆಬ್ರವರಿಯಲ್ಲಿ. ಅಮ್ಮಿ ನನ್ನ ಕಾನೂನಿನ ಹಾಳೆಗಳನ್ನೆಲ್ಲ ಹಂಡೆಯ ಒಲೆಗೆ ಹಾಕಿದಳು. "ಇರೋ ಕೋರ್ಟು ಸಾಲ್ದು ಅಂತ ಇನ್ನೊಂದ್ ಕೋರ್ಟ್ ಕಟ್ಟಿದ್ಯಾ?" ಎಂದಳು. ತಪ್ಪು ನನ್ನದೇ. ಇಡೀ ಜಗತ್ತನ್ನು ಸೃಷ್ಟಿ ಮಾಡು ಎಂದರೆ ನನಗೆ ಈ ಮನೆ ಬಿಟ್ಟು ಬೇರೆ ಏನೂ ಹೊಳೆಯಲಿಲ್ಲ. ಅದನ್ನು ನೆನೆದು ಬಹಳ ಅತ್ತೆ.

ಸಂಜೀವಪ್ಪನವರಿಗೆ ಏನಾದರೂ ಹೇಳು. ಇನ್ನು ಬರೆಯಬೇಡ.

ಮೊಹ್ಸಿನ್


ಪುಲಿಕೇಶಿನಗರ
18 ಅಕ್ಟೋಬರ್ 1998

ಶ್ರೀ ಲಕ್ಷ್ಮಿಕಾಂತ ಅವರಿಗೆ ಚಾಂದ್ ಪಾಷಾನ ಸಲಾಮು.

ನಾನು ಮೊಹ್ಸಿನನ ಚಾಚಾ. ನಿಮ್ಮ ಕಾಗದದ ಹಿಂದೆ ವಿಳಾಸ ಇತ್ತು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕನ್ನಡ ಗಡಿಯಾರ ರಿಪೇರಿಯ ಚೀಟಿ ಬರೆದು ಕಲಿತದ್ದು. ತಪ್ಪಿದ್ದರೆ ಮಾಫ್ ಮಾಡಿ.

ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ. ಇನ್ನೊಬ್ಬರ ಕಾಗದ ಒಡೆದು ಓದಿದೆ. ಆರು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತವನಿಗೆ ಏನು ಬೇಕಾದರೂ ಚಿನ್ನವಾಗಿ ಕಾಣುತ್ತದೆ ಸ್ವಾಮಿ. ಬಾವಿಯಿಂದ ಬಕೆಟ್ಟು ಬಂದಾಗ ಗಲ್ಲಿಯ ಹುಡುಗರು ಚಪ್ಪಾಳೆ ತಟ್ಟಿದರು. ಅವತ್ತಿನಿಂದ ನನಗೆ ಊಟ ರುಚಿಸಿಲ್ಲ.

ಜೂನಿನಿಂದ ನೀವು ವಾಪಸ್ ಕಳಿಸಿದ ಕಟ್ಟಳೆಯ ಹಾಳೆಗಳ ಲಕೋಟೆಯನ್ನೂ ಒಡೆದು, ಏನೆಂದು ತಿಳಿಯದೆ ನಕಲು ಮಾಡಿ ಇಟ್ಟಿದ್ದೆ. ಈಗ ಅವನ್ನು ಮತ್ತೆ ಓದಿದೆ, ಈ ಸಲ ನಿಧಾನವಾಗಿ. ಹುಡುಗನ ತಲೆ ಚೆನ್ನಾಗಿದೆ. ವಾಯಿದೆ ಕೇಳಿದವನು ಊಟ ಹಾಕಬೇಕು ಎನ್ನುವುದು ನನಗೆ ಬಹಳ ಹಿಡಿಸಿತು. ಆದರೆ ಹನ್ನೊಂದನೇ ಕಟ್ಟಳೆ ಸರಿಯಿಲ್ಲ. "ಎದ್ದುಹೋದವನಿಗೆ ಮನೆಯಿಲ್ಲ" ಎಂದು ಬರೆದಿದ್ದಾನೆ. ಇದರ ರುಚಿ ಗೊತ್ತಿದ್ದೂ ಯಾಕೆ ಬರೆದ? ಇಲ್ಲದ ಊರಿನಲ್ಲಾದರೂ ಜನ ಎದ್ದು ಓಡಾಡಲಿ ಅನ್ನಿಸಲಿಲ್ಲವೇ?

ನನಗೆ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹತ್ತಿರ ಗಡಿಯಾರದ ಅಂಗಡಿ ಇತ್ತು. ಈ ಜಗಲಿಯಲ್ಲಿ ಕೂರಲು ಅದನ್ನು ಮುಚ್ಚಿದೆ. ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಗೇಟಿನವರೆಗೆ ಹೆಗಲು ಕೊಟ್ಟೆ. ಗೇಟಿನಲ್ಲಿ ಅಳಿಯನಿಗೆ ದಾಟಿಸಿ ಒಳಗೆ ಬಂದೆ. ಖಬರಸ್ತಾನಕ್ಕೆ ನಾನು ಹೋಗಲಿಲ್ಲ. ನನ್ನ ಮಗಳು ರುಕ್ಸಾರ್ ಆಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಅದಕ್ಕೆ ಹನ್ನೆರಡನೆಯದೊಂದು ಸೇರಿಸಿ ಎಂದು ಅರ್ಜಿ. ಜಗಳದ ಮನೆಯವರಿಗೆ ವಾರಕ್ಕೊಂದು ಬಿಡುವಿನ ಗಳಿಗೆ ಇರಲಿ. ಎರಡೂ ಕಡೆಯವರು ಒಟ್ಟಿಗೇ ಹೊರಗೆ ಹೋಗಿ, ಒಟ್ಟಿಗೇ ವಾಪಸ್ ಬರಬೇಕು. ಅಷ್ಟು ಹೊತ್ತು ಯಾರೂ ಬೀಗ ಮುಟ್ಟಬಾರದು.

ಅವನು ಗೋಡೆಯಾಚೆ ಕೆಮ್ಮಿದರೆ ನನಗೆ ಕೇಳಿಸುತ್ತದೆ. ಆದರೆ ಪರಸ್ಪರ ಮಾತಾಡಬಾರದು ಎಂದು ವಕೀಲರ ಕಟ್ಟಪ್ಪಣೆ. ನಿಮಗೆ ಬರೆಯಬಾರದು ಎಂದು ಅವರು ಹೇಳಿಲ್ಲ. ಇದನ್ನು ಅವನಿಗೆ ತಲುಪಿಸಿ. ನೀವು ಕಳಿಸುವ ಲಕೋಟೆಯನ್ನು ನಾನು ಒಡೆಯುವುದಿಲ್ಲ.

ಖುದಾ ಹಾಫಿಜ್,
ಚಾಂದ್ ಪಾಷಾ


ಪುಲಿಕೇಶಿನಗರ
29 ನವೆಂಬರ್ 1998

ಪ್ರಿಯ ಕಾಂತ,

ಬರೆಯಬೇಡ ಎಂದವನೇ ಇದು ಮೂರನೆಯದು ಬರೆಯುತ್ತಿದ್ದೇನೆ. ಒಂದು ಗೋಡೆ ದಾಟಲು ನಮ್ಮ ಮಾತು ಕೃಷ್ಣರಾಜಪುರಕ್ಕೆ ಹೋಗಿ ಬರುತ್ತಿದೆ. ಪಾಪ, ಪೋಸ್ಟ್‌ಮ್ಯಾನ್ ಮುನಿರಾಜಪ್ಪ ಕೇಳುತ್ತಿದ್ದ, "ಏನ್ ಸ್ವಾಮಿ, ಇಬ್ರಿಗೂ ಒಬ್ಬನೇ ನೆಂಟನಾ?" ಎಂದು.

ಮೊನ್ನೆ ಏನಾಯಿತು ಗೊತ್ತೇ? ಅಡುಗೆಮನೆ ಪಕ್ಕದ ಕೋಣೆಗೆ ಮೂರು ವರ್ಷದ ಹಿಂದೆ ಹಾಕಿದ್ದ ಬೀಗವನ್ನು ಚಾಚಾ ತಾವೇ ಬಂದು ತೆಗೆದರು. ಕೀಲಿಕೈಯನ್ನು ನಮ್ಮ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದರು. "ಏನೋ ಮಸಲತ್ತು ನಡೀತಿದೆ" ಎಂದು ಅಮ್ಮಿ ಅದನ್ನು ಎರಡು ದಿನ ಮುಟ್ಟಲಿಲ್ಲ.

ಹನ್ನೆರಡನೇ ಕಟ್ಟಳೆಯ ಮೊದಲ ಬಿಡುವಿನ ಗಳಿಗೆ ಡಿಸೆಂಬರ್ 13, ಭಾನುವಾರ, ಮಧ್ಯಾಹ್ನ ಮೂರರಿಂದ ಆರು. ನಾನೂ ಚಾಚಾನೂ ಒಟ್ಟಿಗೇ ಹಲಸೂರಿಗೆ ಬರುತ್ತೇವೆ. ಸಂಜೀವಪ್ಪನವರು ಇರುತ್ತಾರಲ್ಲವೇ? ಅಮ್ಮಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಕುಂಬಳಕಾಯಿ ಹೆಚ್ಚುತ್ತ ಕೂತಿದ್ದವಳು, "ಇಬ್ರೂ ಹೋಗ್ತೀರಾ? ಎಷ್ಟ್ ಹೊತ್ತು?" ಎಂದು ಕೇಳಿದಳು, ಅಷ್ಟೇ. ನಾನು ಆಚೆ ಹೋಗುವುದಕ್ಕೆ ಅವಳು ಒಪ್ಪಿದ್ದು ಇದೇ ಮೊದಲು. ಎದ್ದು ಅವಳ ಹಣೆಗೆ ಮುತ್ತಿಟ್ಟೆ.

ಹೆದರಿಕೆ ಆಗುತ್ತಿದೆ ಮಗಾ. ಗೇಟಿನ ಆಚೆಯ ರಸ್ತೆ ಕನಸಿನಲ್ಲಿ ಬರುತ್ತದೆ, ದಾಟಲು ಕಾಲು ಏಳುವುದಿಲ್ಲ. ನೀನು ಪ್ರೆಸ್ಸಿನ ಬಾಗಿಲಲ್ಲೇ ನಿಂತಿರು.

ನಿನ್ನ,
ಮೊಹ್ಸಿನ್


ಕೃಷ್ಣರಾಜಪುರ
29 ಡಿಸೆಂಬರ್ 1998

ಮೊಹ್ಸಿನ್,

ಏನಾಯಿತು?

ಅವತ್ತು ಎಷ್ಟು ಚೆನ್ನಾಗಿತ್ತು! ನೀನು ಬೀದಿಯ ತುದಿಯಲ್ಲಿ ಕಾಣಿಸಿದಾಗ ನಾನು ಕೂಗಿದ ಕೂಗಿಗೆ ಪ್ರೆಸ್ಸಿನ ಮಿಷನ್ ನಿಲ್ಲಿಸಿ ಎಲ್ಲರೂ ಹೊರಗೆ ಬಂದರು. ರಸ್ತೆ ದಾಟುವಾಗ ನೀನು ಚಾಚಾನ ಕೈ ಹಿಡಿದಿದ್ದೆ ನೋಡು, ಇಬ್ಬರಲ್ಲಿ ಯಾರು ಯಾರನ್ನು ದಾಟಿಸುತ್ತಿದ್ದಾರೆ ಅಂತ ನನಗೆ ತಿಳಿಯಲಿಲ್ಲ. ಎರಡು ವರ್ಷದಿಂದ ನಿಂತಿದ್ದ ಸಂಜೀವಪ್ಪನವರ ಗೋಡೆ ಗಡಿಯಾರವನ್ನು ಚಾಚಾ ಇಳಿಸಿ ಕಾಲು ಗಂಟೆಯಲ್ಲಿ ನಡೆಸಿಬಿಟ್ಟರು. ಕೆರೆ ಹತ್ತಿರ ಕೂತು ಮೂವರೂ ಕಡಲೆಕಾಯಿ ತಿಂದೆವು. ನೀನು ಮಾತ್ರ ಹತ್ತು ನಿಮಿಷಕ್ಕೊಮ್ಮೆ ಟೈಮ್ ಕೇಳುತ್ತಿದ್ದೆ. "ಸೋಮವಾರದಿಂದ ಬಂದ್ಬಿಡಪ್ಪ, ಚಾಚಾನೂ ನೀನೂ ಏನೋ ಒಂದ್ ಹೊಂದಿಸ್ಕೊಳ್ಳಿ" ಅಂತ ಸಂಜೀವಪ್ಪನವರು ನಿನ್ನ ಬೆನ್ನು ತಟ್ಟಿದರಲ್ಲ.

ಎರಡು ಸೋಮವಾರ ಹೋಯಿತು, ಮೂರನೆಯದೂ ಹೋಯಿತು. ಕಾಗದವಿಲ್ಲ. ಮೊನ್ನೆ ಭಾನುವಾರ ತಡೆಯಲಾರದೆ ನಿಮ್ಮ ಗಲ್ಲಿಗೆ ಬಂದೆ. ಜಗಲಿ ಖಾಲಿ. ಗೇಟಿಗೆ ಒಳಗಿನಿಂದ ಸರಪಳಿ. ಚಾಚಾನ ಕಡೆಯ ಮುಂದಿನ ಕೋಣೆಯ ಕಿಟಕಿಯಲ್ಲಿ ನೀನೇ ನಿಂತಿದ್ದೆ. ನಾನು ಕೈ ಎತ್ತಿದೆ, ನೀನು ಪರದೆ ಎಳೆದೆ. ನನ್ನ ಕಣ್ಣಿಗೆ ಏನಾಗಿದೆ ಹೇಳು, ಅಥವಾ ನಿನಗೆ ಏನಾಗಿದೆ ಹೇಳು.

ಕಾಂತ


ಪುಲಿಕೇಶಿನಗರ
12 ಜನವರಿ 1999

ಕಾಂತ,

ನಿನ್ನ ಕಣ್ಣು ಸರಿಯಾಗಿದೆ.

ಅವತ್ತು ಆರಕ್ಕೆ ಐದು ನಿಮಿಷ ಇರುವಾಗ ನಾವು ಗಲ್ಲಿಗೆ ಬಂದೆವು. ಚಾಚಾ ಮುಂದಿನ ವಾರ ಖಬರಸ್ತಾನಕ್ಕೆ ಹೋಗೋಣ ಬೇಟಾ, ಆಮೇಲೆ ರುಕ್ಸಾರ್ ಮನೆಗೆ ಹೋಗೋಣ ಎನ್ನುತ್ತಿದ್ದರು. ಜಗಲಿಯ ಮೇಲೆ ಅವರ ಮಂಚ, ಟ್ರಂಕು, ಚಾಚಿಯ ಹೊಲಿಗೆ ಮಿಷನ್ನು ಸಾಲಾಗಿ ಇದ್ದವು. ಬಾಗಿಲಿಗೆ ಹೊಸ ಬೀಗ. ಅಮ್ಮಿ ಮೆಟ್ಟಿಲ ಮೇಲೆ ಕೂತಿದ್ದಳು. ಮಾರ್ಕೆಟ್ಟಿನಿಂದ ಇಬ್ಬರು ಹಮಾಲಿಗಳನ್ನು ಕರೆಸಿ, ಮೂರು ಗಂಟೆಯಲ್ಲಿ ಕೆಲಸ ಮುಗಿಸಿದ್ದಳು. ಖುಷಿಯಿಂದ ಹೊಸ ಬೀಗದ ಕೀಲಿಕೈ ಎತ್ತಿ ತೋರಿಸಿದಳು. "ಬಾ ಬೇಟಾ, ಆಯ್ತು. ಆವತ್ತು ನಾನು ಬಾಗ್ಲು ಬಡೀತಾ ಕೂತಿದ್ನಲ್ಲ, ಇವತ್ತು ಇವ್ರು ಬಡೀಲಿ" ಎಂದಳು. ಎಲ್ಲ ನನ್ನದೇ ಉಪಾಯ ಎಂದು ಅವಳು ತಿಳಿದಿದ್ದಳು ಕಾಂತ. ಬುದ್ಧಿವಂತ ಮಗ, ಕಾನೂನು ಬರೆದು ಮುದುಕನನ್ನು ಮನೆಯಿಂದ ಹೊರಡಿಸಿದ ಎಂದು.

ಚಾಚಾ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಕೀಲಿಕೈ ಕೊಡು ಎಂದು ನಾನು ಅಮ್ಮಿಯನ್ನು ಕೇಳುತ್ತೇನೆಂದು ಕಾದರು. ನಾನೂ ಕೇಳುತ್ತೇನೆಂದೇ ಅಂದುಕೊಂಡೆ. ಬಾಯಿ ತೆರೆದೆ. ಆಗ ನನಗೆ ಏನು ಅನ್ನಿಸಿತೆಂದರೆ, ಮುಗಿಯಿತು, ಗೆದ್ದೆವು, ಇನ್ನು ಜಗಲಿಯಲ್ಲಿ ಕೂತು ಯಾರೂ ಹೆಸರು ಬರೆದುಕೊಳ್ಳುವುದಿಲ್ಲ, ಇನ್ನು ನಾನು ಆರಾಮಾಗಿ ಓಡಾಡಬಹುದು ಎಂದು. ನಿಜ ಹೇಳುತ್ತೇನೆ, ಸಂತೋಷವಾಯಿತು. ಬಾಯಿ ಮುಚ್ಚಿ ಒಳಗೆ ಹೋದೆ.

ಅವರು ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಆಟೋ ಸದ್ದು ಕೇಳಿಸಿತು. ಕಮ್ಮನಹಳ್ಳಿಯಲ್ಲಿ ರುಕ್ಸಾರ್ ಮನೆಗೆ ಹೋಗಿದ್ದಾರಂತೆ. ನಮ್ಮ ವಕೀಲರು ಮೊದಲು ಗಾಬರಿಯಾದರು, ಆಮೇಲೆ, "ಈಗ ಮಾತ್ರ ಒಬ್ರೂ ಅಲ್ಲಾಡ್ಬೇಡಿ" ಎಂದರು. ಹಿಂದೆ ಅಮ್ಮಿ, ಮುಂದೆ ನಾನು. ಅದಕ್ಕೇ ಪರದೆ ಎಳೆದೆ. ನಿನಗೆ ಮುಖ ತೋರಿಸುವುದು ಹೇಗೆ?

ಮೊಹ್ಸಿನ್


ಕೃಷ್ಣರಾಜಪುರ
21 ಫೆಬ್ರವರಿ 1999

ಮೊಹ್ಸಿನ್,

ನಿನ್ನ ಕಾಗದ ಓದಿ ಒಂದು ತಿಂಗಳು ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಹರಿದು ಹಾಕೋಣ ಅನ್ನಿಸಿತು, ಹಾಕಲಿಲ್ಲ. ಈಗ ಹೇಳಲೇಬೇಕಾದ ವಿಷಯ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ರಸೆಲ್ ಮಾರ್ಕೆಟ್ ಕಡೆ ಹೋಗಿದ್ದೆ. ಒಂದು ಚಪ್ಪಲಿ ಅಂಗಡಿಯ ಪಕ್ಕದ ಸಂದಿಯಲ್ಲಿ, ಗಾಜಿನ ಪೆಟ್ಟಿಗೆ ಮುಂದಿಟ್ಟುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಾಂದ್ ಪಾಷಾ ಕೂತಿದ್ದರು. ಅಂಗಡಿ ಮತ್ತೆ ತೆರೆದಿದ್ದಾರೆ. ಬಲವಂತ ಮಾಡಿ ಚಹಾ ಕುಡಿಸಿದರು. ದಿನಾ ಬೆಳಿಗ್ಗೆ ಹೆಂಡತಿಯ ಗೋರಿಗೆ ಹೋಗಿ ಬರುತ್ತಾರಂತೆ. ಕೇಸು ವಾಪಸ್ ತೆಗೆದುಕೊಂಡೆ ಅಂದರು. "ಆ ಮನೆ ಅವ್ರೇ ಇಟ್ಕೊಳ್ಳಲಿ ತಮ್ಮಾ. ನಂಗೆ ಇಲ್ಲಿ ಗಾಳಿ ಬರುತ್ತೆ" ಅಂದರು. ನಿನ್ನ ಬಗ್ಗೆ ಒಂದೂ ಕೆಟ್ಟ ಮಾತಿಲ್ಲ. ಮೊಹ್ಸಿನ್ ಕೆಲಸಕ್ಕೆ ಹೋಗ್ತಿದ್ದಾನಾ ಅಂತ ಕೇಳಿದರು.

ಇನ್ನೇನು ಅಡ್ಡಿ ನಿನಗೆ? ಸಂಜೀವಪ್ಪನವರು ಆ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ಪುಸ್ತಕದ ಅಚ್ಚು ಶುರುವಾಗಿದೆ. ಹನ್ನೆರಡನೇ ಕಟ್ಟಳೆಗೆ ಶಿಕ್ಷೆ ಏನು ಅಂತ ಎಲ್ಲೂ ಇಲ್ಲವಲ್ಲ, ಬಿಡುವಿನ ಗಳಿಗೆಯಲ್ಲಿ ಬೀಗ ಹಾಕಿದವನಿಗೆ ಏನು ಮಾಡಬೇಕು ಅಂತ ಅವರು ಕೇಳಿದ್ದಾರೆ. ಬರೆದು ತಗೊಂಡು ನೀನೇ ಬಾ.

ಕಾಂತ


ಪುಲಿಕೇಶಿನಗರ
14 ಮಾರ್ಚ್ 1999

ಪ್ರಿಯ ಕಾಂತ,

ವಕೀಲರು ಸ್ವೀಟ್ ಡಬ್ಬ ಹಿಡಿದು ಬಂದಿದ್ದರು. "ಕೇಸೇ ಇಲ್ಲ ಕಣಪ್ಪ ಇನ್ನು. ಎಲ್ಲಿಗ್ ಬೇಕಾದ್ರೂ ಹೋಗು" ಎಂದರು. ನೀನು ಹೇಳಿದ್ದು ನಿಜ, ಅಡ್ಡಿ ಏನೂ ಇಲ್ಲ.

ಹೋದ ಸೋಮವಾರ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಚಿತ್ರದ ಫೈಲು ಹಿಡಿದು ಹೊರಟೆ. ಗೇಟಿನ ಹತ್ತಿರ ಅಮ್ಮಿ ತೋಳು ಹಿಡಿದಳು. "ಕೇಸ್ ಯಾಕ್ ವಾಪಸ್ ತಗೊಂಡ್ರು ಅಂತ ಯೋಚ್ನೆ ಮಾಡಿದ್ಯಾ? ನೀನು ಹೊರಗೆ ಹೋಗ್ಲಿ ಅಂತ" ಎಂದಳು. ನಾನು ನಕ್ಕು ಅವಳ ಕೈ ಬಿಡಿಸಿಕೊಂಡೆ. ಮಸೀದಿ ರಸ್ತೆಯ ತಿರುವಿನವರೆಗೆ ಚೆನ್ನಾಗಿಯೇ ನಡೆದೆ. ಬೇಕರಿಯವನು ಗುರುತು ಹಿಡಿದು ಮಾತಾಡಿಸಿದ, ಬನ್ನು ಕೊಂಡೆ.

ಬನ್ನು ಕೈಲಿ ಹಿಡಿದು ನಿಂತಾಗ ಮನೆಯಲ್ಲಿ ಅಮ್ಮಿ ಒಬ್ಬಳೇ ಇದ್ದಾಳೆ ಎನ್ನುವುದು ನೆನಪಾಯಿತು. ಚಾಚಾ ಬಂದು ಬೀಗ ಹಾಕುವವರಲ್ಲ. ಈ ಹೊತ್ತಿನಲ್ಲಿ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಅಂಗಡಿಯಲ್ಲಿ ಕೂತಿರುತ್ತಾರೆ. ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಕೆರೆಯ ಹತ್ತಿರ ಕಡಲೆಕಾಯಿ ಸುಲಿಯುತ್ತಿದ್ದಾಗ ನನ್ನ ಬಗ್ಗೆ ಅವರಿಗೂ ಹಾಗೇ ಗೊತ್ತಿತ್ತಲ್ಲವೇ?

ಓಡಿ ವಾಪಸ್ ಬಂದೆ. ಬೀಗ ಇದ್ದ ಹಾಗೇ ಇತ್ತು. ಅಮ್ಮಿ ಅಕ್ಕಿ ಆರಿಸುತ್ತಿದ್ದಳು. ಹನ್ನೊಂದು ನಿಮಿಷ ಹೊರಗಿದ್ದೆ.

ಮಂಗಳವಾರ ಮತ್ತೆ ಹೊರಟೆ, ಗೇಟಿನಲ್ಲೇ ನಿಂತೆ. ಬುಧವಾರ ಹೊರಡಲಿಲ್ಲ. ಸಂಜೀವಪ್ಪನವರು ಬೇರೆ ಯಾರನ್ನಾದರೂ ನೋಡಿಕೊಳ್ಳಲಿ. ಮನೆಯಲ್ಲೇ ಮಾಡುವಂಥ ಕಾರ್ಡಿನ ಕೆಲಸ ಇದ್ದರೆ ಅಮ್ಮಿ ಬಂದು ತರುತ್ತಾಳೆ ಎಂದು ಹೇಳು.

ಶಿಕ್ಷೆಯ ವಿಷಯ ಕೇಳಿದ್ದೀಯ. ಮೂರು ಸಲ ಬರೆದು ಹೊಡೆದುಹಾಕಿದೆ. ಏನೂ ಬರೆಯುವುದು ಬೇಡ ಕಾಂತ, ಆ ಸಾಲು ಖಾಲಿ ಬಿಟ್ಟು ಅಚ್ಚು ಮಾಡಿಸು. ಬೀಗ ಹಾಕಿದವನಿಗೆ ಬೇರೆ ಯಾರೂ ಏನೂ ಮಾಡಬೇಕಾಗಿಲ್ಲ.

ನಿನ್ನ,
ಮೊಹ್ಸಿನ್